ಬಿಳಿ ಅಪ್ಪನಿಗೆ ಕರಿ ಮರಿ

ಮೈಸೂರಿನ ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿದ್ದೇವೆ:

"ನಮ್ಮ ಮಿನಿಯೇಚರ್ ಶ್ನೌಜರ್ ನಾಯಿ ಪುಟ್ಟಿಗೆ ಮೂರು ವರ್ಷ. ಸಾಲ್ಟ್ ಅಂಡ್ ಪೆಪ್ಪರ್ ಬಣ್ಣ, ಅಂದರೆ ಕಪ್ಪು ಬಿಳಿ ಬೆರೆತ ಬೂದು. ಬಿಳಿ ಮರಿ ಬೇಕು ಅಂತ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಿಳಿ ಗಂಡಿನ ಜೊತೆ ಕ್ರಾಸ್ ಮಾಡಿಸಿದೆವು. ಐದು ಮರಿ ಹುಟ್ಟಿದವು. ಮೂರು ಕಡುಕಪ್ಪು. ಒಂದು ಕಪ್ಪು, ಆದರೆ ಹುಬ್ಬು ಮತ್ತು ಕಾಲು ತಿಳಿ ಬಣ್ಣ. ಇನ್ನೊಂದು ಕಂದು ಬೆರೆತ ಕಪ್ಪು. ಬಿಳಿ ಒಂದೂ ಇಲ್ಲ! ಗಂಡು ನಾಯಿಯವರಿಗೆ ಸ್ಟಡ್ ಫೀಸ್, ಅಂದರೆ ಕ್ರಾಸ್ ಮಾಡಿಸಿದ ದುಡ್ಡಿನ ಬದಲು ಒಂದು ಬಿಳಿ ಮರಿ ಕೊಡುವ ಮಾತಾಗಿತ್ತು. ಗಂಡು ನಾಯಿಯವರು ಈಗ, 'ಬೀದಿನಾಯಿ ಸೇರಿದೆ, ಅದೂ ಅಲ್ಲದೆ ನಿಮ್ಮದು ಪ್ಯೂರ್ ಅಲ್ಲ, ಬಣ್ಣ ಬಿಟ್ಟಿದೆ' ಅಂತಿದ್ದಾರೆ. ಹೀಟ್ (ಬೆದೆ) ಇದ್ದಷ್ಟು ದಿನ ಅವಳನ್ನು ಮಹಡಿ ಮೇಲಿನ ರೂಮಿನಲ್ಲೇ ಇಟ್ಟಿದ್ದೆವು. ಗೊತ್ತಿರುವ ಒಬ್ಬರು, 'ಒಂದು ಹೆಣ್ಣು ಮರಿ ಇಟ್ಟುಕೊಳ್ಳಿ, ಮೊದಲ ಹೀಟ್‌ಗೇ ಅದರ ಅಪ್ಪನ ಜೊತೆ ಬಿಡಿ, ಬಿಳಿ ಗ್ಯಾರಂಟಿ' ಅಂದರು. ಮಾಡಬಹುದಾ? ಪುಟ್ಟಿ ಚೆನ್ನಾಗಿದ್ದಾಳೆ. ಬಾಣಂತಿ ಅಲ್ವಾ, ದಿನಾ ಎರಡು ಹೊತ್ತು ತುಪ್ಪ ಹಾಕಿ ಅನ್ನ ಕಲಸಿ ಕೊಡುತ್ತಿದ್ದೇವೆ."

ಸಂಪಾದಕರ ಉತ್ತರ:

ಮೇಡಂ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮೊದಲು ತುಪ್ಪ ನಿಲ್ಲಿಸಿ. ಇವತ್ತೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಜಗಳದ ವಿಷಯ. ನೀವು ಬರೆದದ್ದನ್ನು ನೋಡಿದರೆ ಯಾರೂ ಯಾರಿಗೂ ಮೋಸ ಮಾಡಿಲ್ಲ ಅನಿಸುತ್ತದೆ. ಬಿಳಿ ಶ್ನೌಜರ್ ಅಂದರೆ ಬಣ್ಣವೇ ಇಲ್ಲದ ನಾಯಿ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ಮೂಗು ನೋಡಿದ್ದೀರಲ್ಲ, ಇದ್ದಿಲಿನ ಹಾಗೆ ಕಪ್ಪು. ಕಣ್ಣಂಚೂ ಕಪ್ಪು. ಅಂದರೆ ಕಪ್ಪು ಬಣ್ಣ ಮಾಡುವ ಶಕ್ತಿ ಮೈಯಲ್ಲಿದೆ, ಆದರೆ 'ಕಪ್ಪು ಮಾಡು' ಅನ್ನುವ ಮಾತು ಕೂದಲಿಗೆ ಮುಟ್ಟುತ್ತಿಲ್ಲ. ಈ ತಡೆ ಒಂದು ಜೀನ್‌ನಿಂದ ಬರುತ್ತದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ, ಎರಡೂ ಸೇರಿದರೆ ಮಾತ್ರ ಕೂದಲು ಬಿಳಿ. ಒಂದೇ ಇದ್ದರೆ ನಾಯಿ ಮಾಮೂಲಿ ಬಣ್ಣದಲ್ಲೇ ಇರುತ್ತದೆ, ಒಳಗೆ ಬಿಳಿಯ ಜೀನ್ ಅಡಗಿರುತ್ತದೆ.

ಹಾಗಾಗಿ ಆ ಗಂಡು ಪ್ರತಿ ಮರಿಗೂ ಬಿಳಿಯ ಒಂದು ಪ್ರತಿ ಕೊಟ್ಟೇ ಕೊಟ್ಟಿದ್ದಾನೆ. ಎರಡನೆಯದು ಪುಟ್ಟಿಯಿಂದ ಬರಬೇಕಿತ್ತು, ಬಂದಿಲ್ಲ. ಅವಳಲ್ಲಿ ಅದು ಅಡಗಿದ್ದಿದ್ದರೆ ಒಂದೊಂದು ಮರಿಗೂ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ ಅವಕಾಶ. ಐದಕ್ಕೆ ಐದೂ ತಪ್ಪಿಹೋಗುವುದು 32 ಸಲದಲ್ಲಿ ಒಂದು ಸಲ. ಆಗಲೇಬಾರದು ಅಂತಿಲ್ಲ, ಆದರೆ ಅವಳಲ್ಲಿ ಬಿಳಿ ಇಲ್ಲ ಅಂತಲೇ ನನ್ನ ಲೆಕ್ಕ. ಅವಳಲ್ಲಿ ಅದು ಇಲ್ಲದಿದ್ದರೆ ಅದೇ ಗಂಡಿನ ಜೊತೆ ಇನ್ನು ನಾಲ್ಕು ಸಲ ಕ್ರಾಸ್ ಮಾಡಿಸಿದರೂ ಬಿಳಿ ಮರಿ ಹುಟ್ಟುವುದಿಲ್ಲ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಒಂದು ಡಿಎನ್‌ಎ ಟೆಸ್ಟ್ ಮಾಡಿಸಿದ್ದರೆ ಬೆಂಗಳೂರಿಗೆ ಹೋಗುವ ಮೊದಲೇ ಇದು ಗೊತ್ತಾಗುತ್ತಿತ್ತು. ಬಿಳಿ ಗಂಡು ಅಂತ ಫೀಸ್ ಮಾತಾಡುವವರು ಇದನ್ನು ಮೊದಲೇ ಹೇಳಬೇಕಿತ್ತು ಬಿಡಿ.

ಹಾಗಾದರೆ ಕರಿ ಮರಿ ಎಲ್ಲಿಂದ ಬಂದವು? ಅಪ್ಪನಿಂದಲೇ. ಕಡುಕಪ್ಪು ಬಣ್ಣ ಬಿಳಿಯ ಹಾಗೆ ಅಡಗಿ ಕೂರುವುದಿಲ್ಲ, ಒಂದು ಪ್ರತಿ ಇದ್ದರೂ ಮೈಮೇಲೆ ಕಾಣುತ್ತದೆ. ಪುಟ್ಟಿ ಸಾಲ್ಟ್ ಅಂಡ್ ಪೆಪ್ಪರ್ ಆಗಿರುವುದರಿಂದ ಅವಳಲ್ಲಿ ಅದು ಇಲ್ಲ. ಅವನಲ್ಲಿ ಇದೆ, ಬಿಳಿ ಮುಚ್ಚಿಟ್ಟಿತ್ತು ಅಷ್ಟೇ. ಸುಲಭವಾಗಿ ಹೇಳಬೇಕೆಂದರೆ ಅವನು ಬಿಳಿ ಅಂಗಿ ತೊಟ್ಟ ಕರಿ ನಾಯಿ. ಮರಿಗಳಿಗೆ ಅಂಗಿ ಸಿಗಲಿಲ್ಲ, ಮೈ ಸಿಕ್ಕಿತು. ಎಲ್ಲ ಮರಿಗಳೂ ಕಪ್ಪಾಗದೆ ಮೂರೇ ಆಗಿವೆ ಅಂದರೆ ಅವನಲ್ಲಿ ಕಪ್ಪಿನದು ಒಂದೇ ಪ್ರತಿ ಇದೆ. ಹುಬ್ಬು ಕಾಲು ತಿಳಿಯಾಗಿರುವ ಮರಿ ಬ್ಲ್ಯಾಕ್ ಅಂಡ್ ಸಿಲ್ವರ್. ಅದಕ್ಕೆ ಮತ್ತೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಪ್ರತಿ ಬೇಕು, ಅಂದರೆ ಪುಟ್ಟಿಯಲ್ಲೂ ಅದು ಸುಮ್ನೆ ಕೂತಿತ್ತು. ಕಂದು ಬೆರೆತದ್ದು ಅಮ್ಮನ ಬಣ್ಣದ್ದೇ. ಸಾಲ್ಟ್ ಅಂಡ್ ಪೆಪ್ಪರ್ ಮರಿಗಳು ಹುಟ್ಟುವಾಗ ಹಾಗೇ ಕಪ್ಪಗಿರುತ್ತವೆ. ಗಂಡು ನಾಯಿಯವರಿಗೆ ಅವನ ವಂಶದ ಪೇಪರ್ ತೆಗೆದು ನೋಡಲು ಹೇಳಿ. ಅಪ್ಪ ಅಮ್ಮ ಇಬ್ಬರೂ ಬಿಳಿಯಾಗಿದ್ದರೆ ಇನ್ನೂ ಹಿಂದೆ ಹೋಗಬೇಕು, ಎಲ್ಲೋ ಒಂದು ಕಡೆ ಕರಿಯ ಸಿಗುತ್ತಾನೆ.

ಬೀದಿನಾಯಿ ಮಾತು ಪೂರ್ತಿ ಅಸಂಬದ್ಧ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದೇ ಹೀಟ್‌ನಲ್ಲಿ ಎರಡು ಗಂಡು ಸೇರಿದರೆ ಒಂದೇ ಹೆರಿಗೆಯಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟಬಹುದು. "ಎಲ್ಲ ಮರಿಗಳಿಗೂ ಗಡ್ಡ ಬರುತ್ತದೆ, ನೋಡಿ ಬೇಕಾದರೆ" ಅಂತ ವಾದ ಮಾಡಲು ಹೋಗಬೇಡಿ. ಶ್ನೌಜರ್‌ನ ಗಡ್ಡ ಮೀಸೆಯ ಜೀನ್ ಒಂದು ಪ್ರತಿ ಇದ್ದರೂ ಸಾಕು, ಬೆರಕೆ ಮರಿಗೂ ಗಡ್ಡ ಬರುತ್ತದೆ. ಮಹಡಿ ರೂಮಿನ ಮಾತು ನಾನು ನಂಬುತ್ತೇನೆ, ಅವರು ನಂಬದಿದ್ದರೆ ಡಿಎನ್‌ಎಯಿಂದ ಅಪ್ಪ ಯಾರು ಅಂತ ನೋಡುವ ಪರೀಕ್ಷೆ ಇದೆ. ಖರ್ಚು ಯಾರದು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅದೇ ಇನ್ನೊಂದು ಜಗಳ.

"ಬಣ್ಣ ಬಿಟ್ಟಿದೆ" ಅಂದಿದ್ದಾರಲ್ಲ, ಅದು ಓದಿ ನನಗೆ ನಗು ಬಂತು, ಯಾಕೆಂದರೆ ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಮ್ಮವನು ಚಿಕ್ಕವನಿದ್ದಾಗ ಒಳ್ಳೇ ಕಡು ಉಪ್ಪುಮೆಣಸಿನ ಬಣ್ಣ. ಗ್ರೂಮಿಂಗ್‌ಗೆ ಒಂದು ಅಂಗಡಿಗೆ ಬಿಡುತ್ತಿದ್ದೆ, ಅವರು ಪ್ರತಿ ಸಲ ಮಷೀನ್ ಹೊಡೆದು ಕಳಿಸುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನಾಯಿ ಒಲೆಬೂದಿಯ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗಾಗಿತ್ತು. ವಯಸ್ಸಾಯಿತಾ, ರೋಗವಾ ಅಂತ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನಾಯಿಗಳನ್ನು ಪ್ರದರ್ಶನಕ್ಕೆ ತಯಾರು ಮಾಡುವ ಒಬ್ಬರು ಹಿರಿಯ ಶೋ ಹ್ಯಾಂಡ್ಲರ್ ಅವನ ಬೆನ್ನಿನಿಂದ ಒಂದೇ ಒಂದು ಒರಟು ಕೂದಲು ಕಿತ್ತು ಬಿಳಿ ಹಾಳೆಯ ಮೇಲಿಟ್ಟು ತೋರಿಸಿದರು. ತುದಿ ಕಪ್ಪು, ನಡುವೆ ಬಿಳಿ, ಕೆಳಗೆ ಮತ್ತೆ ಕಪ್ಪು. ಈ ಬಣ್ಣ ಅನ್ನುವುದು ಆ ಪಟ್ಟೆಗಳ ಆಟ. ಮಷೀನ್ ಹೊಡೆದರೆ ಕಪ್ಪು ತುದಿ ಹೋಗುತ್ತದೆ, ಬುಡದ ಹಳೇ ಕೂದಲು ಅಲ್ಲೇ ಉಳಿಯುತ್ತದೆ, ಒಳಗಿನ ಬೂದು ಬಣ್ಣದ ಮೆತ್ತನೆ ಕೂದಲು ಮೇಲೆ ಕಾಣುತ್ತದೆ. ಶೋಗೆ ಹೋಗುವ ನಾಯಿಗಳ ಹಳೇ ಕೂದಲನ್ನು ಕೈಯಿಂದಲೇ ಕೀಳುತ್ತಾರೆ, ಹ್ಯಾಂಡ್ ಸ್ಟ್ರಿಪ್ಪಿಂಗ್ ಅಂತ. ಆಗ ಹೊಸ ಕೂದಲು ಪಟ್ಟೆಯ ಸಮೇತ ಬರುತ್ತದೆ. ಪುಟ್ಟಿಗೂ ಮಷೀನ್ ತಾನೇ? ಮನೆಯಲ್ಲಿ ಸಾಕುವ ನಾಯಿಗೆ ಅದರಿಂದ ಏನೂ ತೊಂದರೆ ಇಲ್ಲ. ಅದಕ್ಕೂ ಪ್ಯೂರ್ ಆಗಿರುವುದಕ್ಕೂ ಸಂಬಂಧವೂ ಇಲ್ಲ.

ಇನ್ನು ಈ ಬಿಳಿಯ ಹುಚ್ಚು. ಶ್ನೌಜರ್ ಜರ್ಮನಿಯ ನಾಯಿ. ಅಲ್ಲಿನ ಭಾಷೆಯಲ್ಲಿ ಶ್ನೌಟ್ಸೆ ಅಂದರೆ ಮೂತಿ. ತೋಟದ ಮನೆಗಳಲ್ಲಿ ಇಲಿ ಹಿಡಿಯಲು ಸಾಕುತ್ತಿದ್ದರು. ಈ ಸಣ್ಣ ತಳಿ ಬೇರೆಯದೇ ಅಂತ ಶೋನಲ್ಲಿ ಕಾಣಿಸಿಕೊಂಡದ್ದು 1899ರಲ್ಲಿ. ಯುರೋಪಿನಲ್ಲಿರುವ ನಾಯಿ ಸಂಘಗಳ ಒಕ್ಕೂಟ ಎಫ್‌ಸಿಐ ಪಟ್ಟಿಯಲ್ಲಿ ಇವತ್ತು ನಾಲ್ಕು ಬಣ್ಣ ಇವೆ: ಕಪ್ಪು, ಸಾಲ್ಟ್ ಅಂಡ್ ಪೆಪ್ಪರ್, ಬ್ಲ್ಯಾಕ್ ಅಂಡ್ ಸಿಲ್ವರ್, ಬಿಳಿ. ಅಮೆರಿಕದ ನಾಯಿ ಸಂಘ ಎಕೆಸಿ 1926ರಿಂದ ಈ ತಳಿಯನ್ನು ಒಪ್ಪಿಕೊಂಡಿದೆ, ಆದರೆ ಅಲ್ಲಿ ಮೂರೇ ಬಣ್ಣ, ಬಿಳಿ ನಾಯಿ ಶೋ ರಿಂಗ್‌ಗೆ ಬಂದರೆ ಅನರ್ಹ. ಅದೇ ನಾಯಿ, ಅದೇ ಗಡ್ಡ, ಒಂದು ಕಡೆ ಪದಕ, ಇನ್ನೊಂದು ಕಡೆ ಗೇಟ್ ಪಾಸ್! ಇಲ್ಲಿ ಅಂಗಡಿಯವರು ಇದನ್ನೇ ಹಿಡಿದುಕೊಂಡು "ರೇರ್ ಕಲರ್" ಅಂತ ಜಾಸ್ತಿ ದುಡ್ಡು ಕೇಳುತ್ತಾರೆ. ಬಿಳಿಯ ಮೇಲೆ ನನಗೆ ದ್ವೇಷವೇನಿಲ್ಲ. ಈ ಬಿಳಿಯಿಂದ ಕಿವುಡೂ ಬರುವುದಿಲ್ಲ, ಅದು ಸುಮ್ನೆ ಹಬ್ಬಿರುವ ಮಾತು. ಆದರೆ ಯಾರಾದರೂ ಮರ್ಲ್ ಶ್ನೌಜರ್ ಅಂತ ಕಲೆಕಲೆಯ ನಾಯಿ ತೋರಿಸಿದರೆ ಹುಷಾರು, ಆ ಬಣ್ಣ ಈ ತಳಿಯದಲ್ಲ, ಎಲ್ಲೋ ಬೇರೆ ತಳಿ ಬೆರೆಸಿದ್ದಾರೆ. ಎರಡು ಮರ್ಲ್ ಸೇರಿಸಿದರಂತೂ ಕಿವುಡು ಕುರುಡು ಮರಿಗಳು ಹುಟ್ಟಬಹುದು.

ಈಗ ನಿಮಗೆ ಸಿಕ್ಕ ಸಲಹೆ, ಮಗಳನ್ನು ಅಪ್ಪನಿಗೆ ಬಿಡುವುದು. ಬಣ್ಣದ ಲೆಕ್ಕ ಸರಿಯಾಗಿಯೇ ಇದೆ, ಸುಮಾರು ಅರ್ಧ ಮರಿಗಳು ಬಿಳಿ ಹುಟ್ಟುತ್ತವೆ. ಮಾಡಬೇಡಿ. ಬಿಳಿ ಹೇಗೆ ಹೊರಬರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅಡಗಿದ್ದ ಎರಡು ಪ್ರತಿ ಒಂದಾದಾಗ. ಈ ತಳಿಯ ಎಷ್ಟೋ ಕಾಯಿಲೆಗಳೂ ಹಾಗೆಯೇ ಬರುತ್ತವೆ. ಅಪ್ಪನಲ್ಲಿ ಯಾವುದೋ ಒಂದು ಅಡಗಿದೆ ಅಂದುಕೊಳ್ಳಿ, ಮಗಳಿಗೂ ಅದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ, ಮತ್ತೆ ಇಬ್ಬರನ್ನೂ ಸೇರಿಸಿದರೆ ಬಿಳಿಯ ಜೊತೆಗೆ ಅದನ್ನೂ ಮೇಲೆತ್ತಿದ ಹಾಗಾಯಿತು. ಮಯೋಟೋನಿಯಾ ಅಂತ ಒಂದಿದೆ. ಮಲಗಿದ್ದ ಮರಿ ಏಳಲು ಹೋದರೆ ಸ್ನಾಯು ಸಡಿಲವಾಗುವುದಿಲ್ಲ, ಕಾಲು ಕಟ್ಟಿಗೆಯ ಹಾಗೆ ಸೆಟೆದುಕೊಂಡು ಮೊಲದಂತೆ ಕುಪ್ಪಳಿಸುತ್ತದೆ, ನುಂಗಲೂ ಕಷ್ಟ. ನಿಧಾನವಾಗಿ ಕಣ್ಣು ಹೋಗುವ ಪಿಆರ್‌ಎ ಇದೆ. ಹಕ್ಕಿಗಳಲ್ಲಿ ಕ್ಷಯ ತರುವ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ತಡೆಯಲು ಆಗದ ಜನ್ಮದ ದೋಷ ಇದೆ, ಅದು ತಗುಲಿದರೆ ಚಿಕ್ಕ ವಯಸ್ಸಿನಲ್ಲೇ ಸಾವು. ಮೂರಕ್ಕೂ ಡಿಎನ್‌ಎ ಟೆಸ್ಟ್ ಇದೆ. ಆ ಗಂಡಿಗೆ ಇವನ್ನು ಮಾಡಿಸಿದ್ದಾರಾ ಅಂತ ಕೇಳಿ ನೋಡಿ. ಬಣ್ಣದ ಬಗ್ಗೆ ಅಷ್ಟು ಮಾತಾಡಿದವರು ಇದಕ್ಕೆ ಏನನ್ನುತ್ತಾರೋ ನನಗೂ ಕುತೂಹಲ.

ಮೊದಲ ಹೀಟ್‌ಗೇ ಬಿಡಿ ಅನ್ನುವುದು ಇನ್ನೂ ಕೆಟ್ಟ ಸಲಹೆ. ಆಗ ಅವಳೇ ಇನ್ನೂ ಮರಿ. 2017ರ ಕೇಂದ್ರದ ನಾಯಿ ತಳಿ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಕ್ರಾಸ್ ಮಾಡಿಸುವಂತಿಲ್ಲ, ಎಂಟು ವಾರ ಆಗದ ಮರಿಯನ್ನು ಮಾರುವಂತಿಲ್ಲ, ಮಾರುವುದಕ್ಕೇ ಅಂತ ಮರಿ ಹಾಕಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಕರಿ ಮರಿ ಬೇಡ ಅಂತ ಗಂಡು ನಾಯಿಯವರು ಹೇಳಿದರೆ ಫೀಸ್ ದುಡ್ಡಿನಲ್ಲೇ ತೀರಿಸಿಬಿಡಿ, ಮಾತು ಬೆಳೆಸಬೇಡಿ. ಮರಿ ತೆಗೆದುಕೊಳ್ಳುವವರಿಗೆ ಐದರಲ್ಲೂ ಬಿಳಿ ಅಡಗಿದೆ ಅಂತ ಬರೆದುಕೊಡಿ. ನಾಳೆ ಅವರ ಮನೆಯಲ್ಲಿ ಎರಡು ಕರಿ ನಾಯಿಗಳಿಗೆ ಬಿಳಿ ಮರಿ ಹುಟ್ಟಿ ಇನ್ನೊಂದು ಪತ್ರ ನಮಗೆ ಬರುವುದು ಬೇಡ.

ಈಗ ತುಪ್ಪ. ಮಿನಿಯೇಚರ್ ಶ್ನೌಜರ್‌ಗಳಲ್ಲಿ ಎಷ್ಟೋ ನಾಯಿಗಳಿಗೆ ವಂಶದಿಂದಲೇ ರಕ್ತದಲ್ಲಿ ಕೊಬ್ಬಿನ ಅಂಶ ಜಾಸ್ತಿ. ಅದರ ಮೇಲೆ ಜಿಡ್ಡಿನ ಊಟ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಪ್ಯಾಂಕ್ರಿಯಾಟೈಟಿಸ್ ಅನ್ನುತ್ತಾರೆ, ಜೀವಕ್ಕೇ ಬರಬಹುದು. ಹಾಲೂಡಿಸುವವಳಿಗೆ ಊಟ ಜಾಸ್ತಿ ಬೇಕು, ನಿಜ. ಹೊತ್ತು ಹೆಚ್ಚಿಸಿ, ಪ್ರಮಾಣ ಹೆಚ್ಚಿಸಿ, ಯಾವ ಆಹಾರ ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿ. ನಮ್ಮಮ್ಮ ಕೂಡ ನಮ್ಮವನಿಗೆ ದೋಸೆಯ ಬೆಣ್ಣೆ ತೆಗೆದಿಡುತ್ತಿದ್ದರು, ಬಿಡಿಸಲು ನನಗೆ ಒಂದು ವರ್ಷ ಬೇಕಾಯಿತು! ಪುಟ್ಟಿ ಊಟ ಬಿಟ್ಟು ಮತ್ತೆ ಮತ್ತೆ ವಾಂತಿ ಮಾಡಿದರೆ, ಅಥವಾ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಮಸ್ಕಾರ ಹಾಕುವ ಹಾಗೆ ನಿಂತೇ ಇದ್ದರೆ, ಅದು ಹೊಟ್ಟೆನೋವು. ಬೆಳಗಾಗಲಿ ಅಂತ ಕಾಯಬೇಡಿ.

ಆ ಕಂದು ಬೆರೆತ ಮರಿಗೆ ದೊಡ್ಡ ಕೂದಲು ಬಂದ ಮೇಲೆ, ಮಷೀನ್ ಹೊಡೆಸುವ ಮೊದಲು, ಬೆನ್ನಿನಿಂದ ಒಂದು ಕೂದಲು ಕಿತ್ತು ಕವರ್‌ನಲ್ಲಿ ಹಾಕಿ ಕಳಿಸಿ. ಪಟ್ಟೆ ಎಷ್ಟಿವೆ ಅಂತ ನಾನೂ ನೋಡಬೇಕು.