ಕೇಸು ಗೆದ್ದರೂ ಖಾಲಿ ಅನಿಸಿದರೆ

ವಿರಾಜಪೇಟೆಯಲ್ಲಿ ಮೂರು ವರ್ಷ ವಕೀಲಿಕೆ ಮಾಡಿ, ಕೇಸು ಗೆದ್ದ ದಿನವೂ ಖಾಲಿ ಅನಿಸುತ್ತದೆ, ವಕೀಲಿಕೆ ಬಿಟ್ಟು ಮಧ್ಯಸ್ಥಿಕೆಯ ಕೆಲಸಕ್ಕೆ ಬರಲೇ ಎಂದು ಕೇಳಿದ್ದೀರಿ. ಕಾರಣ ಬಹುಶಃ ವೃತ್ತಿಯಲ್ಲ, ಗೆಲುವು-ಸೋಲಿನ ಲೆಕ್ಕ. ಜಮ್ಮಾ ಜಮೀನಿನ, ಅಂದರೆ ಕೊಡಗಿನ ವಂಶಪಾರಂಪರ್ಯ ಜಮೀನಿನ ದಾವೆಗೆ ತೀರ್ಪು ಬಂದರೂ ಅಣ್ಣತಮ್ಮಂದಿರು ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಒಟ್ಟಿಗೆ ಕಾಲಿಡುವುದಿಲ್ಲ, ಅಲ್ವಾ? ನನಗೂ ಅದೇ ಚುಚ್ಚುತ್ತಿತ್ತು.

ವಕೀಲಿಕೆ ಈಗಲೇ ಬಿಡಬೇಡಿ. ಮೊದಲು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಲೋಕ ಅದಾಲತ್ ಕೆಲಸದಲ್ಲಿ ಸೇರಿಸಿಕೊಳ್ಳಲು ಕೇಳಿ. ಅಲ್ಲಿ ಸುಮ್ನೆ ಕೂತು ಎರಡೂ ಕಡೆಯವರ ಮಾತು ಕೇಳಿ. ಆಮೇಲೆ 40 ಗಂಟೆಗಳ ಮಧ್ಯಸ್ಥಿಕೆ ತರಬೇತಿಗೆ, ಅಂದರೆ ಎರಡೂ ಕಡೆಯವರು ತಾವೇ ರಾಜಿಯಾಗಲು ನೆರವಾಗುವುದನ್ನು ಕಲಿಸುವ ತರಬೇತಿಗೆ ಹೆಸರು ಕೊಡಿ. ಸಲಹೆ ಕೊಡುವ ಅಭ್ಯಾಸ ಬಿಡುವುದೇ ನಮ್ಮಂಥ ವಕೀಲರಿಗೆ ಜಾಸ್ತಿ ಕಷ್ಟ. ದಾರಿಯನ್ನು ಜಗಳದ ಎರಡೂ ಕಡೆಯವರೇ ಹುಡುಕಬೇಕು. ಕೋರ್ಟಿನ ಮಧ್ಯಸ್ಥಗಾರರ ಪಟ್ಟಿ ಸೇರಲು ಇನ್ನೂ ಅನುಭವ ಬೇಕು, ಅಲ್ಲಿಯವರೆಗೆ ಮನೆ ನಡೆಯುವುದು ಕೇಸುಗಳಿಂದಲೇ. ಈ ಕೆಲಸ ನಿಮಗೆ ಒಗ್ಗೀತೇ? ಎರಡು ಮೂರು ಅದಾಲತ್ ಕಂಡ ಮೇಲೆ ನಿಮಗೇ ಗೊತ್ತಾಗುತ್ತದೆ.