ಬಿಸಿನೀರಿನ ಸ್ನಾನ ಮತ್ತು ಕಾಲಿನ ತುರಿಕೆ

ದಿನಕ್ಕೆರಡು ಬಾರಿ ಸುಡುವ ನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿದರೂ ನಿಮ್ಮ ತಾಯಿಯವರ ಮೊಣಕಾಲಿನ ಕೆಳಭಾಗ ಒಣಗಿ ತುರಿಸುತ್ತಿದೆ, ಇನ್ನಷ್ಟು ಉಜ್ಜಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಉಜ್ಜಬೇಡಿ.

ಚರ್ಮದ ಹೊರಪದರದ ಕೋಶಗಳ ನಡುವೆ ಗಾರೆಯಂತೆ ತುಂಬಿಕೊಂಡಿರುವ ಕೊಬ್ಬಿನಂಶವೇ ಒಳಗಿನ ತೇವವನ್ನು ಹಿಡಿದಿಡುತ್ತದೆ; ಅತಿ ಬಿಸಿನೀರು ಮತ್ತು ಸೋಪು ಕೊಳೆಯೊಡನೆ ಅದನ್ನೂ ತೊಳೆದುಹಾಕುವುದರಿಂದ, ಎಣ್ಣೆಗ್ರಂಥಿಗಳು ವಿರಳವಾಗಿರುವ ಕಾಲುಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಒಣಗುವಿಕೆ ಬೇಗ ಕಾಣಿಸಿಕೊಳ್ಳುತ್ತದೆ. ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರಗಳ ಅಳತೆ; 7ಕ್ಕಿಂತ ಕಡಿಮೆಯಿದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ) ಸುಮಾರು 5 ಇದ್ದರೆ, ಸಾಮಾನ್ಯ ಸೋಪಿನದು 9ರಿಂದ 10; ಈ ಕ್ಷಾರವೂ ಚರ್ಮವನ್ನು ಒಣಗಿಸುತ್ತದೆ. ನಿಮ್ಮದು ಬೋರ್‌ವೆಲ್ ನೀರೆಂದೂ ಬರೆದಿದ್ದೀರಿ. ಅದು ಹೆಚ್ಚಾಗಿ ಗಡಸು ನೀರು; ಅಂಥ ನೀರು ಸೋಪಿನೊಡನೆ ಸೇರಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿಯ ಜಿಡ್ಡು ಚರ್ಮದ ಮೇಲೂ ಉಳಿದು ಕೆರಳಿಸುತ್ತದೆ.

ನನ್ನ ತಾಯಿಯವರ ಕಾಲಿನ ಮೇಲೆ ಉಗುರು ತಾಗಿದರೆ ಸುಣ್ಣದ ಗೆರೆಯೆಳೆದಂತೆ ಮೂಡುತ್ತಿತ್ತು. ದಿನಕ್ಕೊಂದೇ ಸ್ನಾನ, ಉಗುರುಬೆಚ್ಚನೆಯ ನೀರು, ಹತ್ತು ನಿಮಿಷ ಮೀರದ ಹೊತ್ತು, ಕಂಕುಳು, ತೊಡೆಸಂದು ಮತ್ತು ಪಾದಗಳಿಗಷ್ಟೇ ಸೋಪು ಎಂದು ಬದಲಿಸಿದೆವು. ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು, ಟವೆಲಿನಿಂದ ಉಜ್ಜದೆ ಮೆಲ್ಲಗೆ ಒತ್ತಿ, ಚರ್ಮ ಇನ್ನೂ ತುಸು ಹಸಿಯಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಸವರಿದ್ದು. ಎಣ್ಣೆಸ್ನಾನ ಒಳ್ಳೆಯದೇ, ಆದರೆ ಹಚ್ಚಿದ ಎಣ್ಣೆಯನ್ನೆಲ್ಲ ಸೀಗೆಪುಡಿಯಿಂದ ತಿಕ್ಕಿ ತೆಗೆದರೆ ಕಾಲಿಗೆ ಏನೂ ಉಳಿಯುವುದಿಲ್ಲ. ಅಂಗಾಲಿಗೆ ಮಾತ್ರ ಹಚ್ಚಬೇಡಿ, ಬಚ್ಚಲಿನಲ್ಲಿ ಜಾರುವ ಭಯವಿದೆ.

ಎರಡು ವಾರಗಳಲ್ಲಿ ಕಡಿಮೆಯಾಗದಿದ್ದರೆ, ಚರ್ಮ ಬಿರಿದು ನೀರು ಸೋರಿದರೆ, ಅಥವಾ ಮನೆಯ ಇತರರಿಗೂ ರಾತ್ರಿ ಹೊತ್ತು ತುರಿಕೆ ಶುರುವಾದರೆ, ಚರ್ಮವೈದ್ಯರಿಗೆ ತೋರಿಸಿ. ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯಿದ್ದರೆ ಸಣ್ಣ ಗಾಯಕ್ಕೂ ತಡಮಾಡಬೇಡಿ.