ಹೆಸರು ಹಿಡಿದು ಕರೆಯೋಕೆ ಬಾಯಿ ಬರದವನಿಗೆ

ನಿನ್ನ ಪ್ರಶ್ನೆ ಓದಿದೆ ತಮ್ಮಾ. ಮಿನ್ನೆಸೋಟದ ಸೇಂಟ್ ಕ್ಲೌಡ್‌ಗೆ ಬಂದು ಐದು ವಾರ ಆಗಿದೆ, ಅಪ್ಪನ ವಯಸ್ಸಿನ ಮ್ಯಾನೇಜರ್ 'ಸರ್ ಅನ್ನಬೇಡ, ಹೆಸರಿನಿಂದ ಕರಿ' ಅನ್ನುತ್ತಾರೆ, ನಿನಗೆ ಬಾಯಿ ಬರುತ್ತಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಮಾತಾಡುತ್ತಾರೆ, ತಲೆಬುಡ ಗೊತ್ತಾಗಲ್ಲ, ಇದೆಲ್ಲ ಕಲಿಯಲೇಬೇಕಾ ಅಂತ ಕೇಳಿದ್ದೀಯ. ಅಣ್ಣಾ ಅಂತ ಬರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರಿಲ್ಲ ಅಲ್ವಾ?

ಎರಡು ಪ್ರಶ್ನೆಗೂ ಒಂದೇ ಉತ್ತರ ಇದೆ, ಅದೂ ನಿನ್ನ ಮನೆ ಪಕ್ಕದಲ್ಲೇ. ಅಲ್ಲಿಂದ ಪಶ್ಚಿಮಕ್ಕೆ 94ನೇ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಕಾಲೇಜ್‌ವಿಲ್ ಸಿಗುತ್ತದೆ. ಬೆನೆಡಿಕ್ಟೈನ್ ಸನ್ಯಾಸಿಗಳ ಮಠ, ಮಠದ ಜೊತೆಗೇ ಸೇಂಟ್ ಜಾನ್ಸ್ ಅನ್ನುವ ಸಣ್ಣ ಕಾಲೇಜು. ಅಲ್ಲಿ ಜಾನ್ ಗಲಿಯಾರ್ಡಿ ಅಂತ ಒಬ್ಬರು ಫುಟ್‌ಬಾಲ್ ಕೋಚ್ ಇದ್ದರು. 1953ರಿಂದ 2012ರವರೆಗೆ, ಪೂರಾ 60 ಸೀಸನ್, ಒಂದೇ ಕಾಲೇಜಿನಲ್ಲಿ. ಅದಕ್ಕೂ ಮೊದಲು ನಾಲ್ಕು ವರ್ಷ ಮೊಂಟಾನದ ಕ್ಯಾರಲ್ ಕಾಲೇಜಿನಲ್ಲಿ. ಒಟ್ಟು 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಬೇರೆ ಇಲ್ಲ. ದೊಡ್ಡ ದೊಡ್ಡ ಯೂನಿವರ್ಸಿಟಿಗಳವರು, ಟಿವಿಯಲ್ಲಿ ದಿನಾ ಕಾಣುವವರು, ಕೋಟಿಗಟ್ಟಲೆ ಸಂಬಳದವರು, ಎಲ್ಲ ಇವರ ಹಿಂದೆಯೇ.

ಅವರ ತಂಡದ ಮೊದಲ ನಿಯಮ ಏನು ಗೊತ್ತಾ? ನನ್ನನ್ನು ಕೋಚ್ ಅಂತ ಕರೆಯಬೇಡಿ, ಜಾನ್ ಅನ್ನಿ.

ಇದು ಇಲ್ಲಿನವರಿಗೂ ವಿಚಿತ್ರವೇ. ಪ್ರೊಫೆಸರನ್ನು, ಬಾಸನ್ನು ಹೆಸರು ಹಿಡಿದು ಕರೆಯುವ ಅಮೆರಿಕದಲ್ಲಿ ಕೋಚನ್ನು ಮಾತ್ರ ಹಾಗೆ ಕರೆಯುವುದಿಲ್ಲ. ಕಾಲೇಜು ಬಿಟ್ಟು ಮೂವತ್ತು ವರ್ಷ ಆದವರೂ ಹಳೆ ಕೋಚ್ ಎದುರಿಗೆ ಬಂದರೆ 'ಕೋಚ್' ಅಂತಲೇ ಮಾತಾಡಿಸುತ್ತಾರೆ, ನಾವು ಮೇಷ್ಟ್ರೇ ಅಂದಹಾಗೆ. ಅದನ್ನೇ ಇವರು ಬೇಡ ಅಂದರು. ತಮಾಷೆ ನೋಡು, ನಾನು ಇಲ್ಲಿ ಇಷ್ಟು ವರ್ಷ ಇದ್ದೂ ಕನ್ನಡದಲ್ಲಿ 'ಜಾನ್ ಹೇಳಿದ' ಅಂತ ಬರೆಯೋಕೆ ಕೈ ಬರಲ್ಲ, 'ಹೇಳಿದರು' ಅಂತಲೇ ಬರುತ್ತದೆ. ಇಂಗ್ಲಿಷಿನಲ್ಲಿ ಆ 'ರು' ಇಲ್ಲ. ಅದಕ್ಕೇ ನಮಗೆ ಬರೀ ಹೆಸರು ಹೇಳಿದರೆ ಬೈದಂತೆ ಅನಿಸುತ್ತದೆ.

ಬೇಡ ಅನ್ನುವ ಪಟ್ಟಿ ಅವರದು ಇನ್ನೂ ಉದ್ದ. ಸೀಟಿ ಊದುವುದು ಬೇಡ, ಪ್ರಾಕ್ಟೀಸ್‌ನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಟ್ಯಾಕಲ್ ಮಾಡುವುದು ಬೇಡ, ಕವಾಯತು ಬೇಡ, ತಂಡಕ್ಕೆ ಬಂದವನನ್ನು ನೀನು ಲಾಯಕ್ಕಿಲ್ಲ ಅಂತ ಕಳಿಸುವುದು ಬೇಡ, ಒಂದೂವರೆ ಗಂಟೆಗಿಂತ ಜಾಸ್ತಿ ಪ್ರಾಕ್ಟೀಸೂ ಬೇಡ. ನಮ್ಮ ಪಿ.ಟಿ. ಮೇಷ್ಟ್ರನ್ನು ನೆನೆಸಿಕೋ, ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಬಿಸಿಲಲ್ಲಿ ಮೈದಾನಕ್ಕೆ ಹತ್ತು ಸುತ್ತು. ಅದರ ಪೂರ್ತಿ ಉಲ್ಟಾ.

ಇದೆಲ್ಲ ಪುಸ್ತಕ ಓದಿ ಬಂದದ್ದಲ್ಲ. 1943ರಲ್ಲಿ ಕೊಲರಾಡೋದ ಟ್ರಿನಿಡಾಡ್ ಊರಿನ ಶಾಲೆಯಲ್ಲಿ ಅವರ ಕೋಚ್ ಯುದ್ಧಕ್ಕೆ ಹೋದರು. ತಂಡವನ್ನೇ ಮುಚ್ಚುವ ಮಾತು ಬಂತು. ಆಗ ನಾನೇ ನಡೆಸುತ್ತೇನೆ ಅಂತ ನಿಂತವನಿಗೆ 16 ವರ್ಷ. ಹಳೆ ಕೋಚ್ ಪ್ರಾಕ್ಟೀಸ್ ಮಧ್ಯೆ ನೀರು ಕುಡಿಯೋಕೆ ಬಿಡುತ್ತಿರಲಿಲ್ಲ, ಈ ಹುಡುಗ ಕುಡಿಯಿರಿ ಅಂದ. (ನೋಡು, ಹದಿನಾರು ವರ್ಷದವನಿಗಾದರೆ ಏಕವಚನ ಸಲೀಸಾಗಿ ಬಂತು.) ಜೊತೆಯ ಹುಡುಗರಿಗೆ ಕೋಚ್ ಆದವನು ತನ್ನನ್ನು ಏನಂತ ಕರೆಸಿಕೊಳ್ಳಬೇಕು ಹೇಳು? ಅಲ್ಲಿ ಶುರುವಾದದ್ದು 86ನೇ ವಯಸ್ಸಿನಲ್ಲಿ ನಿವೃತ್ತಿ ಆಗುವವರೆಗೂ ಬದಲಾಗಲಿಲ್ಲ. ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ ಬೇಡ ಅಂದದ್ದಕ್ಕೆ ನಗುವವರಿದ್ದರು. ತಲೆಗೆ ಬೀಳುವ ಪೆಟ್ಟಿನ ಭಯಕ್ಕೆ ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಸೀಸನ್ ನಡುವಿನ ಪ್ರಾಕ್ಟೀಸ್‌ನಲ್ಲಿ ಅದನ್ನು ಬಿಡೋಣ ಅಂತ ಒಪ್ಪಿದ್ದು 2016ರಲ್ಲಿ.

ಸೇಂಟ್ ಜಾನ್ಸ್ ಆಡುವುದು ಡಿವಿಷನ್ 3ರಲ್ಲಿ. ಅಂದರೆ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಆಟದ ಲೆಕ್ಕದಲ್ಲಿ ಫೀಸು ಒಂದು ಡಾಲರ್ ಕಮ್ಮಿಯಾಗಲ್ಲ. ಇಂಥ ಕಾಲೇಜಿನ ಕೋಚ್ ಕೆಲಸ ಅಂದರೆ ಆಟ ಕಲಿಸುವುದಕ್ಕಿಂತ ಜಾಸ್ತಿ ಹುಡುಗರನ್ನು ಹುಡುಕುವುದು. ಫೋನ್ ಮಾಡು, ಊರೂರು ಕಾರು ಓಡಿಸು, ಅಪ್ಪ ಅಮ್ಮನ ಜೊತೆ ಕೂತು ಒಪ್ಪಿಸು. ಸಾಮಾನ್ಯವಾಗಿ ನಾಲ್ಕು ಸೀಸನ್ ಗೆದ್ದವರು ದೊಡ್ಡ ಕಾಲೇಜಿಗೆ ಹಾರುತ್ತಾರೆ. ಇವರು ಹಾರಲಿಲ್ಲ. 1963, 1965, 1976, 2003, ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. 2003ರ ನವೆಂಬರ್ 8ರಂದು ಬೆಥೆಲ್ ಮೇಲೆ 29–26ರಲ್ಲಿ ಗೆದ್ದು ಗ್ರ್ಯಾಂಬ್ಲಿಂಗ್ ಕಾಲೇಜಿನ ಕೋಚ್ ಎಡ್ಡಿ ರಾಬಿನ್ಸನ್ ಅವರ 408 ಗೆಲುವಿನ ದಾಖಲೆ ದಾಟಿದರು. ಅದೇ ವರ್ಷದ ಫೈನಲ್‌ನಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24–6ರಲ್ಲಿ ಸೋಲಿಸಿದರು.

ಈಗ ನಿನ್ನ ಮ್ಯಾನೇಜರ್ ವಿಷಯ. ಹೆಸರು ಹಿಡಿದು ಕರಿ ಅಂದರೆ ನಾವಿಬ್ಬರೂ ಸಮ, ಹೇಗಾದರೂ ಇರು ಅಂತಲ್ಲ. ಜಾನ್ ಅಂತ ಕರೆಸಿಕೊಂಡವರೇ ಶನಿವಾರ ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಅಂತ ತೀರ್ಮಾನಿಸುತ್ತಿದ್ದದ್ದು. ಮನೆಯ ಪಂದ್ಯಕ್ಕೆ, ಅಂದರೆ ತಮ್ಮದೇ ಮೈದಾನದಲ್ಲಿ ಆಡುವಾಗ, ನೂರೈವತ್ತಕ್ಕೂ ಜಾಸ್ತಿ ಹುಡುಗರು ಜೆರ್ಸಿ ಹಾಕಿ ನಿಲ್ಲುತ್ತಿದ್ದರು, ಮೈದಾನದಲ್ಲಿ ಒಂದು ಸಲಕ್ಕೆ 11 ಜನ. ಲೆಕ್ಕ ಹಾಕು.

ನಾನು ಇದನ್ನು ತಡವಾಗಿ ಕಲಿತೆ. ಮೊದಲ ಆಫೀಸಿನಲ್ಲಿ ಅರ್ಧ ದಿನದ ರಜೆಗೂ 'ರೆಸ್ಪೆಕ್ಟೆಡ್ ಸರ್' ಅಂತ ಮೇಲ್ ಬರೆಯುತ್ತಿದ್ದೆ. ಮೀಟಿಂಗಿನಲ್ಲಿ ನೀನೇನಂತೀಯ ಅಂದರೆ 'ನೀವು ಹೇಳಿದ ಹಾಗೇ ಸರ್'. ಒಂದು ಸಲ ಡೇಟಾ ತಪ್ಪಿದೆ ಅಂತ ಗೊತ್ತಿತ್ತು, ಆದರೂ ಸುಮ್ನೆ ಕೂತೆ. ವರ್ಷದ ಕೊನೆಯ ರಿವ್ಯೂ ಕಾಗದದಲ್ಲಿ ಒಂದೇ ಸಾಲು, ಈತ ಯಾವತ್ತೂ ಇಲ್ಲ ಅನ್ನುವುದಿಲ್ಲ. ಹೊಗಳಿಕೆ ಅಂದುಕೊಂಡು ಖುಷಿಯಾಗಿ ಮನೆಗೆ ಬಂದೆ. ಬಡ್ತಿ ಬೇರೆಯವನಿಗೆ ಹೋದಾಗ ಅರ್ಥವಾಯಿತು. ಸರ್ ಅನ್ನುವ ಬಾಯಿಗೆ ನಿಮ್ಮ ಲೆಕ್ಕ ತಪ್ಪು ಅನ್ನುವುದು ಕಷ್ಟ, ಅವರಿಗೆ ಬೇಕಾದದ್ದು ಅದೇ. ನಾಳೆಯಿಂದ ಮೇಲ್‌ನಲ್ಲಿ ಶುರು ಮಾಡು. ಬರೆಯೋದು ಸುಲಭ, ಬಾಯಿ ಆಮೇಲೆ ತಾನೇ ಬರುತ್ತದೆ.

ಫುಟ್‌ಬಾಲಿಗೆ ಬಂದರೆ, ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಸದ್ಯಕ್ಕೆ ಇಷ್ಟು ಸಾಕು. ಸೇಂಟ್ ಜಾನ್ಸ್‌ನ ಪಂದ್ಯ ನೋಡೋಕೆ ಹೋದರೆ ಮಿಕ್ಕಿದ್ದನ್ನು ಪಕ್ಕದಲ್ಲಿ ಕೂತ ಅಜ್ಜ ಕೇಳದೆಯೇ ಹೇಳಿಕೊಡುತ್ತಾರೆ. ಅಲ್ಲಿನ ಕ್ಲೆಮೆನ್ಸ್ ಸ್ಟೇಡಿಯಂ ಮರಗಳ ನಡುವೆ ಬಟ್ಟಲಿನ ಹಾಗೆ ಇದೆ, ಅಕ್ಟೋಬರಿನಲ್ಲಿ ನೋಡೋಕೆ ಚೆಂದ. ನಾನು ಮೊದಲ ಸಲ ಹೋದಾಗ ಜೀನ್ಸ್ ಒಂದರಲ್ಲೇ ಬೆಂಚಿನ ಮೇಲೆ ಕೂತೆ, ಹತ್ತು ನಿಮಿಷಕ್ಕೆ ತೊಡೆ ಮರಗಟ್ಟಿತು. ಪಕ್ಕದ ಅಜ್ಜಿ ಏನೂ ಮಾತಾಡದೆ ತನ್ನ ಕಂಬಳಿಯ ಒಂದು ತುದಿ ಎಳೆದು ನನ್ನ ಕಡೆ ಹಾಸಿದರು. ದೂರದಲ್ಲಿ, ಗೆರೆಯ ಪಕ್ಕ, ದಪ್ಪ ಜಾಕೆಟ್ಟಿನ ಮುದುಕರೊಬ್ಬರು ನಿಂತಿದ್ದರು. ಅವರೇ ಜಾನ್. 2018ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಮುಂದಿನ ಮನೆ ಪಂದ್ಯಕ್ಕೆ ನಾನು ಬರುತ್ತೇನೆ, ನೀನೂ ಬಾ. ಚಿತ್ರಾನ್ನ ನಾನು ತರುತ್ತೇನೆ. ದಪ್ಪ ಸಾಕ್ಸ್ ಹಾಕಿಕೋ, ಕೂರೋಕೆ ಒಂದು ಕಂಬಳಿ ತಾ. ನನ್ನನ್ನು ಮಾತ್ರ ಹೆಸರು ಹಿಡಿದು ಕರೆಯೋಕೆ ಹೋಗಬೇಡ, ಅಣ್ಣಾ ಅಂತಲೇ ಅನ್ನು.